ಆರ್‌ವಿ-7, ಆರ್‌ವಿ-9, ಆರ್‌ವಿ-14: ಯಾವುದನ್ನು ಕಟ್ಟೋದು?

ಅಮೆರಿಕದ ಒರೆಗಾನ್ ರಾಜ್ಯದ ಅರೋರಾದಿಂದ ಬರುವ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ‘ಆರ್‌ವಿ’ ಕಿಟ್‌ಗಳಿಂದ, ಅಂದರೆ ಬಿಡಿಭಾಗ ತಂದು ನಾವೇ ಜೋಡಿಸಿಕೊಳ್ಳುವ ಸಣ್ಣ ವಿಮಾನಗಳ ಕಿಟ್‌ಗಳಿಂದ, ಇದುವರೆಗೆ 11 ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಆದರೂ ಹೊಸಬರು ಮೊದಲು ಎಡವುವುದು ಹೆಸರಿನಲ್ಲೇ. ಅಂಕಿ ದೊಡ್ಡದಾದಷ್ಟೂ ವಿಮಾನ ಸುಧಾರಿಸಿದೆ ಎಂದೇನಿಲ್ಲ. 9 ಮೊದಲು ಹಾರಿತು, 7 ಆಮೇಲೆ ಬಂತು. ಕೊನೆಯಲ್ಲಿ ‘ಎ’ ಇದ್ದರೆ ಮೂಗಿನ ಚಕ್ರ, ಇಲ್ಲದಿದ್ದರೆ ಬಾಲಚಕ್ರ. 10 ಮತ್ತು 12ಕ್ಕೆ ಮೂಗಿನ ಚಕ್ರ ಬಿಟ್ಟು ಬೇರೆ ಆಯ್ಕೆಯೇ ಇಲ್ಲ, ಹಾಗಾಗಿ ಅವಕ್ಕೆ ‘ಎ’ ಬೇಕಾಗಿಲ್ಲ.

7 ಮತ್ತು 9ರ ಒಡಲು ಹೆಚ್ಚುಕಮ್ಮಿ ಒಂದೇ. ಪಕ್ಕದಿಂದ ನೋಡಿದರೆ ಗುರುತು ಹಿಡಿಯುವುದು ಕಷ್ಟ. ಹಿಂದೆ ಹೋಗಿ ಬಾಲದ ಅಡ್ಡರೆಕ್ಕೆ ನೋಡಿ: 9ರದ್ದು ಹಲಗೆಯಂತೆ ಉದ್ದಕ್ಕೂ ಒಂದೇ ಅಗಲ, 7ರದ್ದು ತುದಿಗೆ ಹೋದಂತೆ ಕಿರಿದಾಗುತ್ತದೆ. ಮುಖ್ಯ ರೆಕ್ಕೆ 7ಕ್ಕೆ 25 ಅಡಿ, 9ಕ್ಕೆ 28 ಅಡಿ. ಉದ್ದ ಮಾತ್ರವಲ್ಲ, ರೆಕ್ಕೆಯ ಅಡ್ಡಕೊಯ್ತದ ಆಕಾರವೂ ಬೇರೆ. ಇಲ್ಲಿಂದಲೇ ಎರಡೂ ಬೇರೆ ಬೇರೆ ವಿಮಾನಗಳಾಗಿಬಿಡುತ್ತವೆ.

ತುಂಬಿದ ತೂಕದಲ್ಲಿ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಇಳಿಸಿದಾಗ ಆರ್‌ವಿ-7, ಗಂಟೆಗೆ ಸುಮಾರು 58 ಮೈಲಿಗೆ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ವಿಮಾನವನ್ನು ಹೊರಲಾರದೆ ಸೋಲುತ್ತದೆ, 9 ಸುಮಾರು 50 ಮೈಲಿಗೆ. ಎಂಟೇ ಮೈಲಿ ಅನ್ನಬೇಡಿ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಎಂಜಿನ್ ನಿಂತು ಹೊಲದಲ್ಲಿ ಇಳಿಯಬೇಕಾದಾಗ ಅಷ್ಟೇ ತೂಕದ ಆರ್‌ವಿ-7, ಮೂರನೇ ಒಂದು ಪಾಲು ಹೆಚ್ಚು ಶಕ್ತಿ ಹೊತ್ತು ನೆಲಕ್ಕೆ ಬಡಿಯುತ್ತದೆ. ಥ್ರಾಟಲ್ ಮುಚ್ಚಿದರೆ 7, ಅದರಲ್ಲೂ ಅಲಗಿನ ಕೋನ ತಾನೇ ಬದಲಾಗುವ ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲ್ಲರ್ ಇದ್ದರೆ, ಬೇಗ ಬೇಗ ಇಳಿಯುತ್ತದೆ. 9 ಇಳಿಯಲು ಒಲ್ಲೆನೆನ್ನುತ್ತದೆ: ಐದು ಮೈಲಿ ವೇಗ ಹೆಚ್ಚಾಗಿ ಬಂದರೂ ರನ್‌ವೇ ಮೇಲೆ ತೇಲುತ್ತಲೇ ಇರುತ್ತದೆ. ಆದರೆ ಲಾಗ ಹಾಕಿಸಬೇಕೆಂದರೆ ಇವೆರಡರಲ್ಲಿ 7 ಮಾತ್ರ, ಅದೂ ಒಟ್ಟು ತೂಕ 1,600 ಪೌಂಡ್ ಒಳಗೆ. 9ರಲ್ಲಿ ಏರೋಬ್ಯಾಟಿಕ್ಸ್ ಇಲ್ಲವೇ ಇಲ್ಲ.

ಎಂಜಿನ್ ವಿಷಯದಲ್ಲೇ ಹೆಚ್ಚು ಜನ ಕೆಡುವುದು. 9ಕ್ಕೆ ಹೇಳಿರುವುದು 118ರಿಂದ 160 ಅಶ್ವಶಕ್ತಿ, 7ಕ್ಕೆ 150ರಿಂದ 200. ‘180 ಹಾಕಿದರೆ ಏನಾಗುತ್ತೆ, ಥ್ರಾಟಲ್ ಕಡಿಮೆ ಇಟ್ಟರಾಯ್ತು’ ಎನ್ನುವವರಿಗೆ ಕೊರತೆಯಿಲ್ಲ. 9ರ ಮೀರಬಾರದ ವೇಗ 210 ಮೈಲಿ, 7ರದ್ದು 230. ರೆಕ್ಕೆ ಮತ್ತು ಬಾಲ ನಡುಗಿ ಒಡೆಯುವ ಫ್ಲಟರ್ ಅಪಾಯ ಮೀಟರಿನಲ್ಲಿ ಕಾಣುವ ವೇಗಕ್ಕಲ್ಲ, ಗಾಳಿಯಲ್ಲಿ ವಿಮಾನ ನಿಜವಾಗಿ ಹೋಗುವ ವೇಗಕ್ಕೆ ತಕ್ಕಂತೆ ಬರುತ್ತದೆ. ಎತ್ತರಕ್ಕೆ ಹೋದಂತೆ ಮೀಟರು ಕಡಿಮೆ ತೋರಿಸುತ್ತದೆ, ನಿಜವೇಗ ಗಡಿಗೆ ತಾಗಿರುತ್ತದೆ. ಉದ್ದ ರೆಕ್ಕೆಯ 9ಕ್ಕೆ ಎತ್ತರದಲ್ಲೂ ಚೆನ್ನಾಗಿ ಹೋಗುವ ಗುಣವಿರುವುದರಿಂದ ದೊಡ್ಡ ಎಂಜಿನ್ ಹಾಕಿದವರು ಮುಟ್ಟುವುದು ಆ ಗಡಿಯನ್ನೇ.

ತೂಕದ ಲೆಕ್ಕ ಕಾಗದದ ಮೇಲೆ ಹಾಕಿ ನೋಡಿ. 7ರ ಒಟ್ಟು ಮಿತಿ 1,800 ಪೌಂಡ್. ಖಾಲಿ ತೂಕ 1,100 ಎಂದುಕೊಂಡರೆ ಉಳಿದದ್ದು 700. 42 ಗ್ಯಾಲನ್ ಪೆಟ್ರೋಲಿಗೆ 252 ಕಳೆದರೆ 448: ತಲಾ 180 ಪೌಂಡಿನ ಇಬ್ಬರು ಕೂತ ಮೇಲೆ ಸಾಮಾನಿಗೆ 88. 9ಕ್ಕೆ 1,750, ಖಾಲಿ 1,060 ಹಿಡಿದರೆ ಉಳಿಯುವುದು 690. ಆದರೆ ಟ್ಯಾಂಕು 36 ಗ್ಯಾಲನ್, ಅಂದರೆ 216 ಪೌಂಡ್. ಹಾಗಾಗಿ 474 ಸಿಗುತ್ತದೆ. ಒಟ್ಟು ಮಿತಿ ಕಡಿಮೆಯಿರುವ ವಿಮಾನವೇ ಟ್ಯಾಂಕು ತುಂಬಿದ ಮೇಲೆ ಹೆಚ್ಚು ಹೊರುತ್ತದೆ! ಚರ್ಮದ ಸೀಟು, ಎರಡನೇ ಸ್ಕ್ರೀನು, ದಪ್ಪ ಬಣ್ಣ ಅಂತ 40 ಪೌಂಡ್ ಏರಿಸಿದರೆ 7ರಲ್ಲಿ ಸಾಮಾನಿನ ಅರ್ಧ ಹೋಯಿತು. ಸ್ವಂತ ಕಟ್ಟಿದ ವಿಮಾನಕ್ಕೆ ಒಟ್ಟು ತೂಕವನ್ನು ಕಟ್ಟಿದವರೇ ಬರೆದುಕೊಳ್ಳಬಹುದು, ನಿಜ. ಅಂಕಿ ತಿದ್ದಿದರೆ ರೆಕ್ಕೆಯ ಬೆನ್ನೆಲುಬಾದ ಸ್ಪಾರ್ ಗಟ್ಟಿಯಾಗುವುದಿಲ್ಲ.

ಮೊದಲು ಬರುವುದು ಬಾಲದ ಕಿಟ್. 7ರ ಬಾಲ 9ಕ್ಕೆ ಆಗದು. ಅಂದರೆ ಮೊದಲ ರಿವೆಟ್ ಹೊಡೆಯುವ ಮುಂಚೆಯೇ ಇವೆರಡರ ನಡುವೆ ತೀರ್ಮಾನ ಆಗಿರಬೇಕು. ಮೂಗಿನ ಚಕ್ರವೋ ಬಾಲಚಕ್ರವೋ ಎಂಬುದನ್ನು ಒಡಲಿನ ಕಿಟ್ ತನಕ ತಳ್ಳಬಹುದು.

ಚಕ್ರದ ಮಾತಿಗೆ ಬಂದರೆ, 7ಎ, 9ಎಗಳ ಹಳೆಯ ಮೂಗಿನ ಕಾಲು ಹುಲ್ಲು, ಗುಂಡಿಗಳಲ್ಲಿ ಹಿಂದಕ್ಕೆ ಮಡಚಿ ವಿಮಾನ ಮಗುಚಿದ ಘಟನೆಗಳು ಆಗಿವೆ. 10 ಮತ್ತು 14ಎಗಳಲ್ಲಿ ಆ ಹೊಡೆತವನ್ನು ರಬ್ಬರಿನಂಥ ಮೆತ್ತೆ ಹೀರಿಕೊಳ್ಳುತ್ತದೆ. ಅದೇ ಬಗೆಯದು ಆಮೇಲೆ 7ಎ, 9ಎಗಳಿಗೂ ಬಂತು. ಹಳೆಯದು ಕೊಳ್ಳುವುದಾದರೆ ಯಾವ ಕಾಲಿದೆ ಎಂದು ಮೊದಲು ಕೇಳಿ. ಮೂಗಿನ ಚಕ್ರವನ್ನು ನೆಲದಿಂದ ಎತ್ತಿ, ಫೋರ್ಕನ್ನು ಅಚ್ಚಿನ ಹತ್ತಿರ ಸ್ಪ್ರಿಂಗ್ ತಕ್ಕಡಿಯಿಂದ ಪಕ್ಕಕ್ಕೆ ಎಳೆಯಿರಿ: ಸುಮಾರು 22 ಪೌಂಡಿಗೆ ಅಲುಗಬೇಕು. ಬೇಗ ಅಲುಗಿದರೆ ಓಡುವಾಗ ಚಕ್ರ ತಲೆಯಾಡಿಸುತ್ತದೆ.

7 ಮತ್ತು 9ರ ಕ್ಯಾನಪಿಯಲ್ಲೂ (ಕೂರುವ ಜಾಗದ ಮೇಲಿನ ಪಾರದರ್ಶಕ ಮುಚ್ಚಳ) ಎರಡು ಬಗೆ. ಮುಂದಕ್ಕೆ ಎತ್ತುವುದರಲ್ಲಿ ಕಣ್ಣೆದುರು ಕಂಬಿಯಿಲ್ಲ, ಪ್ಯಾನೆಲ್ ಹಿಂದಿನ ವೈರುಗಳಿಗೆ ಕೈ ಸುಲಭವಾಗಿ ಹೋಗುತ್ತದೆ; ಮಳೆಯಲ್ಲಿ ತೆರೆದರೆ ಮಾತ್ರ ಎಲ್ಲವೂ ಒದ್ದೆ. ಹಿಂದಕ್ಕೆ ಜಾರುವುದನ್ನು ತೆರೆದಿಟ್ಟುಕೊಂಡೇ ವಿಮಾನವನ್ನು ನೆಲದ ಮೇಲೆ ಓಡಿಸಬಹುದು, ಬೇಸಿಗೆಯಲ್ಲಿ ಅದು ದೊಡ್ಡ ಸುಖ. ಚೌಕಟ್ಟು ಕೂರಿಸುವ ಕೆಲಸ ಮಾತ್ರ ತಾಳ್ಮೆ ಪರೀಕ್ಷಿಸುತ್ತದೆ. ಯಾವುದೇ ಆದರೂ ಅಕ್ರಿಲಿಕ್ಕನ್ನು ಚಳಿಯಲ್ಲಿ ಕೊಯ್ಯಬೇಡಿ. ಕೋಣೆ 27 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೆಚ್ಚಗಿರಲಿ. ಕೊಯ್ದ ಅಂಚನ್ನು ಉಜ್ಜಿ ನಯ ಮಾಡದೆ ಬಿಟ್ಟರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ.

14 ದುಬಾರಿ, ಆದರೆ ಕಟ್ಟಲು ಸುಲಭ. ಕ್ಯಾಬಿನ್ 7ರದ್ದಕ್ಕಿಂತ ಅಗಲ, 210 ಅಶ್ವಶಕ್ತಿಯ ಎಂಜಿನ್, 50 ಗ್ಯಾಲನ್, 2,050 ಪೌಂಡ್. 7 ಮತ್ತು 9ರಲ್ಲಿ ತೂತುಗಳು ಸರಿಯಾದ ಜಾಗದಲ್ಲಿದ್ದರೂ ಒಂಚೂರು ಸಣ್ಣವು. ಕ್ಲೀಕೊ (ತಾತ್ಕಾಲಿಕವಾಗಿ ಹಿಡಿದಿಡುವ ಸ್ಪ್ರಿಂಗ್ ಪಿನ್ನು) ಹಾಕಿ ಜೋಡಿಸು, 40ನೇ ನಂಬರ್ ಬಿಟ್‌ನಿಂದ ಕೊರೆ, ಬಿಚ್ಚು, ಅಂಚಿನ ಮುಳ್ಳು ತೆಗೆ, ಡಿಂಪಲ್ (ರಿವೆಟ್ ತಲೆ ಕೂರುವ ಕುಳಿ) ಒತ್ತು, ಮತ್ತೆ ಜೋಡಿಸು. 14ರಲ್ಲಿ ಬಹುಪಾಲು ತೂತು ಮೊದಲೇ ಪೂರ್ತಿ ಅಳತೆಯದು, ಒಂದು ಸುತ್ತು ಕೆಲಸವೇ ಉಳಿಯುತ್ತದೆ. ಎತ್ತರದ, ಭುಜ ಅಗಲದ ಇಬ್ಬರು ದೂರ ಹೋಗುವುದಾದರೆ ಇದನ್ನೇ ಕಟ್ಟಿ. 12ರ ದಾರಿಯೇ ಬೇರೆ: ಹೆಚ್ಚಿನ ರಿವೆಟ್‌ಗಳನ್ನು ಒಂದೇ ಕಡೆಯಿಂದ ಎಳೆದು ಹಾಕಬಹುದು, 100 ಅಶ್ವಶಕ್ತಿಯ ರೋಟಾಕ್ಸ್ ಎಂಜಿನ್, ಮಿತಿ 1,320 ಪೌಂಡ್, ರೆಕ್ಕೆ ಬಿಚ್ಚಿ ಟ್ರೇಲರ್ ಮೇಲೆ ಮನೆಗೆ ತರಬಹುದು.

ಬೇರೆಯವರು ಅರ್ಧ ಕಟ್ಟಿ ಬಿಟ್ಟ ಕಿಟ್ ಅಗ್ಗಕ್ಕೆ ಸಿಗುತ್ತದೆ. ಕೊಳ್ಳುವಾಗ ಒಂದು ಅಳತೆಪಟ್ಟಿ, ಒಂದು ಭೂತಗನ್ನಡಿ ಒಯ್ಯಿರಿ. 3/32 ಅಂಗುಲದ ರಿವೆಟ್‌ನ ಬಡಿದ ತಲೆ ಸುಮಾರು 3.6 ಮಿಲಿಮೀಟರ್ ಅಗಲ, 1.2 ಎತ್ತರ ಇರಬೇಕು. ಒಂದು ಕಡೆ ವಾಲಿದ್ದರೆ ಗುರುತು ಹಾಕಿಕೊಳ್ಳಿ. ಹತ್ತಿಪ್ಪತ್ತು ಇದ್ದರೆ ಕೊರೆದು ತೆಗೆಯಬಹುದು, ಸ್ಪಾರ್ ಉದ್ದಕ್ಕೂ ಹಾಗೇ ಇದ್ದರೆ ಬಿಟ್ಟುಬಿಡಿ. 2023ರ ಸುಮಾರಿಗೆ ಬಂದ ಕಿಟ್ ಆದರೆ ಲೇಸರ್‌ನಿಂದ ಕೊರೆದ ತೂತುಗಳಿರಬಹುದು. ಲೇಸರ್ ಕೊನೆಗೊಂಡ ಕಡೆ ಅಂಚಿನಲ್ಲಿ ಸಣ್ಣ ಕಚ್ಚು ಉಳಿದಿರುತ್ತದೆ, ಡಿಂಪಲ್ ಒತ್ತಿದಾಗ ಬಿರುಕು ಬಿಡುವುದು ಅಲ್ಲೇ. ಭೂತಗನ್ನಡಿ ಹಿಡಿದು ಡಿಂಪಲ್ ಆದ ತೂತುಗಳ ಅಂಚನ್ನೇ ಮೊದಲು ನೋಡಿ, ಬೆಲೆ ಮಾತಾಡುವುದು ಆಮೇಲೆ.