ಸ್ಲ್ಯಾಬ್ ದಿನಕ್ಕೆ ಯಾವ ಕೈಗವಸು: ಬಟ್ಟೆಯದೋ, ನೈಟ್ರೈಲಿನದೋ?

ಸೇಡಂ, ವಾಡಿಗಳ ಸಿಮೆಂಟ್ ಲಾರಿಗಳು ಓಡಾಡುವ ಕಲಬುರಗಿ ಸೀಮೆಯಲ್ಲಿ ಸಿಮೆಂಟ್ ಎಂದರೆ ಧೂಳು ಎಂದೇ ಎಲ್ಲರ ಲೆಕ್ಕ. ನೀರು ಬಿದ್ದ ಮೇಲೆ ಅದು ಬೇರೆಯೇ ವಸ್ತು, ಪಿಎಚ್ 12 ದಾಟುವ, ಚರ್ಮ ಸುಡುವ ಕ್ಷಾರ.

ಬಟ್ಟೆಯ ಗವಸು ಅಗ್ಗ, ಗಾಳಿಯಾಡುತ್ತದೆ. ಒಣ ಹಲಗೆ ಎತ್ತಲು ಸಾಕು. ಕಾಂಕ್ರೀಟಿಗೆ ಬೇಡವೇ ಬೇಡ. ಸಿಮೆಂಟಿನ ಹಾಲನ್ನು ಹೀರಿಕೊಂಡು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ನಮ್ಮ ಮನೆಯ ಸ್ಲ್ಯಾಬ್ ಹಾಕಿದ ದಿನ ಗಾರೆಯವನೊಬ್ಬ ಸಂಜೆ ಗವಸು ಕಳಚಿದಾಗ ಬೆರಳ ಸಂದಿಗಳು ಬೆಂದಂತೆ ಕೆಂಪಾಗಿದ್ದವು. ಮಧ್ಯಾಹ್ನದವರೆಗೂ ಉರಿಯೇ ಇರಲಿಲ್ಲವಂತೆ! ಈ ಸುಟ್ಟಗಾಯ ಹಾಗೆಯೇ, ಎಷ್ಟೋ ಸಲ ಗಂಟೆಗಳ ನಂತರ ಗೊತ್ತಾಗುತ್ತದೆ.

ನೈಟ್ರೈಲ್ ಎಂದರೆ ನೀರು ಹೀರದ ಕೃತಕ ರಬ್ಬರ್; ಅದರ ಗವಸು ದುಬಾರಿ. ಮೇ ತಿಂಗಳ ನಲವತ್ತು ದಾಟಿದ ಬಿಸಿಲಿನಲ್ಲಿ ಒಳಗೆಲ್ಲ ಬೆವರು. ಆದರೂ ನನ್ನ ಮತ ಇದಕ್ಕೇ; ಎರಡು ಜೊತೆ ಇಟ್ಟುಕೊಂಡು ಬದಲಿಸುತ್ತಿರಿ. ಅಂಗೈಗೆ ಮಾತ್ರ ಲೇಪವಿರುವುದನ್ನು ಅಂಗಡಿಯವನು ತೋರಿಸುತ್ತಾನೆ, ಕೊಳ್ಳಬೇಡಿ: ಲೇಪವಿಲ್ಲದ ಹಿಂಬದಿಯಿಂದ ನೀರು ಒಳಗಿಳಿಯುತ್ತದೆ. ಮಣಿಕಟ್ಟು ದಾಟುವಷ್ಟು ಉದ್ದವಿರಲಿ. ಒಳಗೆ ಸಿಮೆಂಟ್ ಸೇರಿತೋ, ತಕ್ಷಣ ಕಳಚಿ, ಹರಿಯುವ ಶುದ್ಧ ನೀರಿನಲ್ಲಿ 20 ನಿಮಿಷ ಕೈ ತೊಳೆಯಬೇಕು. ಕರಣೆ ತೊಳೆದ ಬಕೆಟ್ಟಿನಲ್ಲಿ ಅಲ್ಲ.