ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋವೈದ್ಯರ ಕ್ಲಿನಿಕ್: ಹೇಗಿದೆ, ಯಾರು ಹೋಗಬಹುದು

ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇದೆ, ಬೆಂಗಳೂರಿಗೆ ಕರೆದುಕೊಂಡು ಹೋಗುವುದೋ ಬೇಡವೋ, ಯಾರಾದರೂ ನೋಡಿದರೆ ಏನು ಹೇಳುವುದು ಅಂತ ತಿಂಗಳುಗಟ್ಟಲೆ ಯೋಚನೆ ಮಾಡುತ್ತಾ ಕೂತಿದ್ದೀರಾ? ಹಾಗಿದ್ದರೆ ಮೊದಲು ಒಂದು ಮಂಗಳವಾರ ನಿಮ್ಮ ತಾಲೂಕು ಆಸ್ಪತ್ರೆಗೆ ಹೋಗಿ ಬನ್ನಿ. ನಮ್ಮ ಅಕ್ಕನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬಿಸುವ ಮನಸ್ಸಿನ ಕಾಯಿಲೆ. ಅವಳ ಚಿಕಿತ್ಸೆ ಈಗ ಅಲ್ಲೇ ನಡೆಯುತ್ತಿದೆ. ಅವಳನ್ನು ಕೇಳಿ, ಅವಳು ಹೂಂ ಅಂದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು, ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ.

ಗೊತ್ತಿಲ್ಲದವರಿಗೆ: ಈ ಕಾರ್ಯಕ್ರಮದ ಹೆಸರು ಮನೋಚೈತನ್ಯ. ರಾಜ್ಯ ಸರ್ಕಾರ 2014ರಲ್ಲಿ ಶುರುಮಾಡಿದ್ದು. ಮನೋವೈದ್ಯರೇ ಮಂಗಳವಾರದ ದಿನ ತಾಲೂಕು ಆಸ್ಪತ್ರೆಗೆ ಬಂದು ರೋಗಿಗಳನ್ನು ನೋಡುತ್ತಾರೆ. ಇದರ ಬೇರು ನಮ್ಮಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಜನಕ್ಕೆ ಹತ್ತಿರದಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಬೇರೆ ಜಿಲ್ಲೆಗಳಿಗೂ ಹೋಯಿತು.

ನನಗೆ ಈ ಕ್ಲಿನಿಕ್‌ನಲ್ಲಿ ಎಲ್ಲಕ್ಕಿಂತ ಇಷ್ಟವಾಗಿದ್ದು ಅದು ಇರುವ ಜಾಗ. ಬೇರೆ ಕಟ್ಟಡ ಇಲ್ಲ, ಬೇರೆ ಗೇಟು ಇಲ್ಲ. ಜ್ವರದವರು, ಶುಗರ್‌ನವರು, ಮಗುವಿಗೆ ಲಸಿಕೆ ಹಾಕಿಸಲು ಬಂದವರು ಎಲ್ಲರೂ ನಿಲ್ಲುವ ಅದೇ ಸಾಲಿನಲ್ಲಿ ನಿಂತು ಚೀಟಿ ಮಾಡಿಸಬೇಕು. ಅದೇ ಬೆಂಚಿನ ಮೇಲೆ ಕೂರಬೇಕು. ಎಲ್ಲಿಗೆ ಹೊರಟಿದ್ದೀರಿ ಅಂತ ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಆಸ್ಪತ್ರೆಗೆ ಅಂದರೆ ಸಾಕು, ಮುಗಿಯಿತು. ನಮ್ಮ ಅಮ್ಮನಿಗೆ ಇದೇ ದೊಡ್ಡ ಸಮಾಧಾನ. ಇನ್ನೊಬ್ಬ ಮಗಳ ಮದುವೆ ಆಗಬೇಕಿದ್ದ ಮನೆ ನಮ್ಮದು. ಅಕ್ಕನ ವಿಷಯ ಹೊರಗೆ ಬಿದ್ದರೆ ಆ ಸಂಬಂಧ ಕೈತಪ್ಪುತ್ತದೆ ಅನ್ನುವ ಹೆದರಿಕೆಯಲ್ಲಿ ಅಮ್ಮ ಅವಳನ್ನು ದೇವಸ್ಥಾನ, ತಾಯಿತ, ಯಂತ್ರ ಅಂತ ಸುತ್ತಿಸಿದ್ದೇ ಜಾಸ್ತಿ. ಅಮ್ಮನನ್ನು ಬೈಯಲು ಮನಸ್ಸು ಬರುವುದಿಲ್ಲ. ಹತ್ತಿರದಲ್ಲಿ ಇಂಥದೊಂದು ಇದೆ ಅಂತ ಯಾರೂ ಅಮ್ಮನಿಗೆ ಹೇಳಿರಲಿಲ್ಲ, ಹೇಳಿದವರೆಲ್ಲ ಗಾಳಿ ಸೋಕಿದೆ ಅಂತಲೇ ಹೇಳಿದ್ದರು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ನಿಮ್ಹಾನ್ಸ್. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ತಲುಪುತ್ತಿಲ್ಲ ಅಂತ ಅದು ಹೇಳಿತು. ಆ ಲೆಕ್ಕದೊಳಗೆ ನಮ್ಮಂಥ ಮನೆಗಳು ಎಷ್ಟಿವೆಯೋ.

ಇನ್ನು ಡಾಕ್ಟರ್. ಜನ ತುಂಬಾ ಇರುತ್ತಾರೆ, ಹಾಗಾಗಿ ಒಬ್ಬರಿಗೆ ಸಿಗುವ ಸಮಯ ಕಡಿಮೆ. ಆದರೂ ನೋಡುವ ರೀತಿ ಚೆನ್ನಾಗಿದೆ. ಅಕ್ಕ ಒಳಗೆ ಬರುವಾಗಲೇ ಅವರು ಅವಳ ನಡಿಗೆ ನೋಡುತ್ತಾರೆ. ಎರಡೂ ಕೈ ಮುಂದೆ ಚಾಚು ಅನ್ನುತ್ತಾರೆ. ಬೆರಳು ನಡುಗುತ್ತಿದೆಯಾ, ತೋಳು ಬಿಗಿಯಾಗಿದೆಯಾ ಅಂತ ಮೊಣಕೈ ಮಡಚಿ ನೋಡುತ್ತಾರೆ. ಅವಳು ತೆಗೆದುಕೊಳ್ಳುವುದು ರಿಸ್ಪೆರಿಡೋನ್. ಆ ಮಾತ್ರೆಯಿಂದ ಕೆಲವರಿಗೆ ಕೈ ನಡುಕ, ಮೈ ಬಿಗಿತ ಬರುತ್ತದೆ. ಅವಳಿಗೂ ಬಂತು. ಡಾಕ್ಟರ್ ಪ್ರಮಾಣ ಸ್ವಲ್ಪ ಇಳಿಸಿದರು, ಜೊತೆಗೆ ಇನ್ನೊಂದು ಮಾತ್ರೆ ಸೇರಿಸಿದರು, ಬಾಯಿ ಒಣಗಬಹುದು ಅಂತಲೂ ಮುಂಚೆಯೇ ಹೇಳಿದರು. ನಡುಕ ಕಡಿಮೆಯಾಯಿತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಊರಿನವರು ಕಾಯಿಲೆ ಅಂದುಕೊಂಡು ದಿಟ್ಟಿಸಿ ನೋಡುವುದು ಎಷ್ಟೋ ಸಲ ಮಾತ್ರೆಯ ಅಡ್ಡಪರಿಣಾಮವನ್ನು. ಕಾಲೆಳೆದುಕೊಂಡು ನಡೆಯುವುದು, ಮುಖದಲ್ಲಿ ಭಾವನೆಯೇ ಇಲ್ಲದಂತಿರುವುದು, ಜೊಲ್ಲು. ಇದನ್ನೆಲ್ಲ ನೋಡಿ "ಮಾತ್ರೆ ತಿಂದೇ ಹಿಂಗಾದಳು, ನಿಲ್ಲಿಸಿಬಿಡಿ" ಅಂತ ಹೇಳುವವರು ಬೀದಿಗೊಬ್ಬರು ಸಿಗುತ್ತಾರೆ. ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಕಾಯಿಲೆ ತಿರುಗಿ ಬರುತ್ತದೆ, ಆಗ ಅದೇ ಜನ "ನೋಡಿ, ಇದು ವಾಸಿ ಆಗುವುದಲ್ಲ" ಅನ್ನುತ್ತಾರೆ. ಅಡ್ಡಪರಿಣಾಮ ಸರಿಮಾಡಿಸಿದರೆ ಊರಿನ ನೋಟವೇ ಬದಲಾಗುತ್ತದೆ. ಈಗ ಅಕ್ಕ ಹಾಲಿನ ಡೈರಿಗೆ ತಾನೇ ಹಾಲು ಹಾಕಿ ಬರುತ್ತಾಳೆ. ಫ್ಯಾಟ್ ಕಡಿಮೆ ಬರೆದರೆ ಜಗಳವನ್ನೂ ಆಡುತ್ತಾಳೆ. ಅವಳನ್ನು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದ ಪಕ್ಕದ ಮನೆಯವರು ಈಗ ಡೈರಿ ಪುಸ್ತಕವನ್ನು ಅವಳ ಕೈಗೇ ಕೊಟ್ಟು ಕಳಿಸುತ್ತಾರೆ.

ಮಾತ್ರೆ ಉಚಿತ. ನಮ್ಮ ಆಸ್ಪತ್ರೆಯಲ್ಲಿ ಆಗಾಗ ಸ್ಟಾಕ್ ಇರುವುದಿಲ್ಲ ಅನ್ನುವುದೂ ನಿಜ. ಆಗ ಹೊರಗಿನ ಮೆಡಿಕಲ್‌ನಲ್ಲಿ ದುಡ್ಡು ಕೊಟ್ಟೇ ತರಬೇಕು. ಕೂಲಿ ಮಾಡುವವರು ಆ ತಿಂಗಳು ಮಾತ್ರೆ ಬಿಟ್ಟುಬಿಡುತ್ತಾರೆ, ಕಣ್ಣಾರೆ ನೋಡಿದ್ದೇನೆ. ಡಾಕ್ಟರ್ ರಜೆ ಅಂತ ಬಾಗಿಲ ಮೇಲೆ ಒಂದು ಚೀಟಿ ಅಂಟಿಸಲು ಏನು ಕಷ್ಟ? ಬಸ್ಸು ಹತ್ತಿ ಬಂದವರು ಮಧ್ಯಾಹ್ನದವರೆಗೆ ಸುಮ್ನೆ ಕಾಯುತ್ತಾರೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಗುಟ್ಟಿನ ವಿಷಯದಲ್ಲಿ. ಬಾಗಿಲು ಹಾಕುವುದಿಲ್ಲ. ಮುಂದಿನ ರೋಗಿ ಡಾಕ್ಟರ್ ಮೇಜಿನ ಪಕ್ಕಕ್ಕೇ ಬಂದು ನಿಂತಿರುತ್ತಾರೆ. ಒಮ್ಮೆ ಔಷಧಿ ಕೌಂಟರಿನಲ್ಲಿ ಒಬ್ಬರು "ತಲೆ ಕೆಟ್ಟವರ ಮಾತ್ರೆ ಆ ಕಡೆ ಕಿಟಕಿಯಲ್ಲಿ" ಅಂತ ಎಲ್ಲರೆದುರು ಕೂಗಿದರು. ಅಕ್ಕ ಚೀಟಿ ಮಡಚಿಕೊಂಡು ಹೊರಗೆ ಹೋದಳು, ಆ ದಿನ ಮಾತ್ರೆ ತೆಗೆದುಕೊಳ್ಳಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ವಿವರ ಗುಟ್ಟಾಗಿ ಇಡಬೇಕು ಅನ್ನುತ್ತದೆ, ಗೌರವದಿಂದ ನಡೆಸಿಕೊಳ್ಳಬೇಕು ಅನ್ನುತ್ತದೆ. ಕೌಂಟರಿನವರಿಗೆ, ಗೇಟಿನವರಿಗೆ, ಚೀಟಿ ಬರೆಯುವವರಿಗೆ ಅದನ್ನು ಮೊದಲು ಹೇಳಿಕೊಡಿ. ಜಾಗೃತಿ ಆಸ್ಪತ್ರೆಯ ಒಳಗಿನಿಂದಲೇ ಶುರುವಾಗಬೇಕು ಅಲ್ವಾ?

ಜಾಗೃತಿ ಅಂದರೆ ನಮ್ಮಲ್ಲಿ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ, ಜಾಥಾ. ಶಾಲೆ ಮಕ್ಕಳು ಬ್ಯಾನರ್ ಹಿಡಿದು ಬಸ್ ಸ್ಟ್ಯಾಂಡ್ ತನಕ ಹೋಗಿ ಬರುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ನಮ್ಮ ಊರಿನಲ್ಲಿ ಕೆಲಸ ಮಾಡಿದ್ದು ಬೇರೆ. ಆಶಾ ಕಾರ್ಯಕರ್ತೆ ಸ್ವಸಹಾಯ ಸಂಘದ ಸಭೆಯಲ್ಲಿ ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಸ್ವಲ್ಪ ಹೊತ್ತು ಕೂತು ಕೇಳಿದರು: ಯಾರ ಮನೆಯಲ್ಲಾದರೂ ನಿದ್ದೆ ಇಲ್ಲದೆ, ಊಟ ಬಿಟ್ಟು, ಒಬ್ಬರೇ ಮಾತಾಡಿಕೊಂಡು ಇರುವವರು ಇದ್ದಾರಾ, ಮಂಗಳವಾರ ನಾನೇ ಜೊತೆಗೆ ಬರುತ್ತೇನೆ. ಭಾಷಣ ಇಲ್ಲ, ಬ್ಯಾನರ್ ಇಲ್ಲ. ನಮ್ಮ ಅಮ್ಮ ಬಾಯಿ ಬಿಟ್ಟಿದ್ದು ಆಗ. ಆಸ್ಪತ್ರೆ ಗೋಡೆಯ ಪೋಸ್ಟರ್ ಮಾತ್ರ ಬದಲಾಯಿಸಲೇಬೇಕು. ಕತ್ತಲೆಯಲ್ಲಿ ತಲೆ ಹಿಡಿದುಕೊಂಡು ಕೂತ ಚಿತ್ರ ಯಾರಿಗೆ ಧೈರ್ಯ ಕೊಡುತ್ತದೆ? ಯಾವ ದಿನ, ಯಾವ ಕೋಣೆ, ಏನು ತರಬೇಕು, ಇಷ್ಟು ದಪ್ಪಕ್ಷರದಲ್ಲಿ ಬರೆದರೆ ಸಾಕು.

ಜೊತೆಗೆ 14416 ಅಂತಲೂ ಬರೆಯಲಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಂಗಳವಾರದವರೆಗೆ ಕಾಯಲು ಆಗದವರಿಗೆ, ಸಾಯುವ ಮಾತಾಡುತ್ತಿರುವವರ ಮನೆಯವರಿಗೆ ಈ ನಂಬರ್ ಮೊಬೈಲ್‌ನಲ್ಲಿ ಇರಲೇಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕೌಂಟರಿನ ಆ ಮಾತಿಗೆ ಒಂದು ಕಳೆದಿದ್ದೇನೆ. ಹೋಗುವವರು ಯಾವ ಮಂಗಳವಾರ ಅಂತ ಮೊದಲೇ ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ, ಎಲ್ಲ ಕಡೆ ಪ್ರತಿ ವಾರ ಬರುವುದಿಲ್ಲ. ಹಳೆಯ ಚೀಟಿಗಳನ್ನೆಲ್ಲ ತನ್ನಿ, ಖಾಲಿಯಾದ ಮಾತ್ರೆಯ ಪಟ್ಟಿಯನ್ನೂ ಬಿಸಾಡಬೇಡಿ. ರೋಗಿಯ ಜೊತೆ ಇರುವವರೇ ಬನ್ನಿ, ನಿದ್ದೆ ಊಟದ ವಿವರ ಅವರಿಗೇ ಗೊತ್ತಿರುವುದು. ಬಾಗಿಲು ತೆರೆದಿದ್ದರೆ ಹಾಕಿ ಅಂತ ಹೇಳಿ. ನಾನು ಪ್ರತಿ ಸಲ ಹೇಳುತ್ತೇನೆ, ಹಾಕುತ್ತಾರೆ.