ನೃತ್ಯ ತರಗತಿಗೆ ಆನ್‌ಲೈನ್ ಪ್ರಚಾರ: ಐದು ವರ್ಷ ಬಳಸಿದ ಮೇಲೆ

ನಮ್ಮ ತರಗತಿಯ ಪ್ರವೇಶ ಅರ್ಜಿಯ ಕೊನೆಯಲ್ಲಿ ಒಂದು ಪ್ರಶ್ನೆ ಇದೆ: ‘ನಮ್ಮ ಬಗ್ಗೆ ಹೇಗೆ ತಿಳಿಯಿತು?’ ಆ ಉತ್ತರಗಳನ್ನು ಐದು ವರ್ಷಗಳಿಂದ ನೋಟ್‌ಬುಕ್ಕಿಗೆ ಇಳಿಸುತ್ತ ಬಂದಿದ್ದೇನೆ. ಸೇರಿದವರು ಒಟ್ಟು 118. ಅವರಲ್ಲಿ 71 ಮಂದಿ ‘ಪರಿಚಯದವರು ಹೇಳಿದರು’ ಎಂದು ಬರೆದಿದ್ದಾರೆ. ಗೂಗಲ್ ನಕ್ಷೆ ನೋಡಿ ಬಂದವರು 29. ಕಿರು ವಿಡಿಯೊ ನೋಡಿ ಬಂದವರು 9. ಉಳಿದವರು ಗೇಟಿನ ಫಲಕ ನೋಡಿದವರು, ಅಥವಾ ಆ ಸಾಲನ್ನು ಖಾಲಿ ಬಿಟ್ಟವರು. ಇಷ್ಟೂ ಕಾಲ ನಾನು ಸಮಯ ಸುರಿದದ್ದು ಮಾತ್ರ ಹೆಚ್ಚಾಗಿ ಆ 9ರ ಮೇಲೆ. ಈ ವಿಮರ್ಶೆಯನ್ನು ಬರೆಯಲು ಕುಳಿತದ್ದೇ ಆ ಲೆಕ್ಕ ನೋಡಿ ನನ್ನ ಮೇಲೆ ನನಗೇ ಸಿಟ್ಟು ಬಂದದ್ದಕ್ಕೆ.

ನಾನು ಶಿವಮೊಗ್ಗದ ವಿನೋಬನಗರದಲ್ಲಿ ಭರತನಾಟ್ಯ ಹೇಳಿಕೊಡುತ್ತೇನೆ. ಮನೆಯ ತಾರಸಿಗೆ ಶೀಟು ಹಾಕಿಸಿದ್ದೇ ನಮ್ಮ ಶಾಲೆ. ಜೋರು ಮಳೆ ಬಂದರೆ ಆ ಶೀಟಿನ ಸದ್ದಿಗೆ, ತಾಳಕ್ಕೆ ಕೋಲಿನಿಂದ ಬಡಿಯುವ ತಟ್ಟುಮಣೆಯ ಸದ್ದು ಕೇಳಿಸುವುದಿಲ್ಲ. ಮೊದಲೆಲ್ಲ ಪ್ರಚಾರ ಎಂದರೆ ಜೂನ್ ತಿಂಗಳಲ್ಲಿ ದಿನಪತ್ರಿಕೆಯೊಳಗೆ ಸೇರಿಸಿ ಹಂಚಿಸುವ ಕರಪತ್ರ ಮತ್ತು ಗಣೇಶೋತ್ಸವದ ವೇದಿಕೆ. ಮಕ್ಕಳು ಸೇರುತ್ತಿದ್ದದ್ದು ವಿಜಯದಶಮಿಗೆ. 2020ರಲ್ಲಿ ಲಾಕ್‌ಡೌನ್ ಬಂದು ತಾರಸಿ ಖಾಲಿಯಾದಾಗ ಅಕ್ಕನ ಮಗ, ‘ಚಿಕ್ಕಮ್ಮ, ಆನ್‌ಲೈನ್‌ನಲ್ಲಿ ಇಲ್ಲದಿದ್ದರೆ ನೀವು ಇಲ್ಲವೇ ಇಲ್ಲ’ ಎಂದ. ಹತ್ತೊಂಬತ್ತು ವರ್ಷದವನ ಮಾತು. ನಂಬಿದೆ.

ಆಗ ಗಾಳಿಯೂ ಹಾಗೆಯೇ ಬೀಸುತ್ತಿತ್ತು. ಆ ವರ್ಷ ಜೂನ್ 29ಕ್ಕೆ ಟಿಕ್‌ಟಾಕ್ ನಿಷೇಧವಾಯಿತು. ಹತ್ತು ದಿನ ಕಳೆಯುವ ಮೊದಲೇ ಇನ್‌ಸ್ಟಾಗ್ರಾಂ ನಮ್ಮ ದೇಶದಲ್ಲಿ ರೀಲ್ಸ್ ತೆರೆಯಿತು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ನಾನು ಒಂದು ಕಿರು ವಿಡಿಯೊ ತಾಣದಲ್ಲಿ ಖಾತೆ ತೆರೆದೆ. ಯಾವುದು ಎಂಬುದು ಇಲ್ಲಿ ಮುಖ್ಯವಲ್ಲ. ಇವೆಲ್ಲ ಒಂದೇ ಆವಿಗೆಯಲ್ಲಿ ಸುಟ್ಟ ಮಡಕೆಗಳು.

ಮೊದಲ ಎರಡು ತಿಂಗಳು ತಟ್ಟಡವು, ನಾಟಡವು ಎಂಬ ಮೂಲ ಹೆಜ್ಜೆಗಳು, ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕೂರುವ ಅರೆಮಂಡಿಯ ಕ್ರಮ ಹೀಗೆ ಪಾಠದಂಥ ವಿಡಿಯೊಗಳನ್ನು ಹಾಕಿದೆ. ನೋಡಿದವರು ನನ್ನ ನಾದಿನಿ ಮತ್ತು ಅವಳ ಗೆಳತಿಯರು. ‘ತಿಲ್ಲಾನದ ಕೊನೆಯ ಮುಕ್ತಾಯವನ್ನೇ ಮೊದಲು ಹಾಕಿ, ಚಿಕ್ಕಮ್ಮ’ ಎಂದ ಹುಡುಗ. ತಿಲ್ಲಾನ ಎಂದರೆ ಕಾರ್ಯಕ್ರಮದ ಕೊನೆಗೆ ಬರುವ ಚುರುಕಿನ ನೃತ್ಯ. ಹಾಕಿದೆ. ಪೂರ್ಣ ಅಲಂಕಾರ, ಹಳೆಯ ದೇವಸ್ಥಾನದ ಕಂಬ, 15 ಸೆಕೆಂಡು. ನಾಲ್ಕು ದಿನಗಳಲ್ಲಿ 40 ಸಾವಿರ ನೋಟಗಳಾದವು. ರಾತ್ರಿ ಹನ್ನೊಂದಕ್ಕೂ ಎದ್ದು ಎದ್ದು ಸಂಖ್ಯೆ ನೋಡುತ್ತಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆ 40 ಸಾವಿರದಿಂದ ಬಂದ ದೂರವಾಣಿ ಕರೆಗಳು ನಾಲ್ಕು. ಒಬ್ಬರು ಬಳ್ಳಾರಿಯಿಂದ ನೃತ್ಯದ ಉಡುಪು ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿದರು. ಒಬ್ಬರಿಗೆ ಮದುವೆಯ ಸಂಗೀತ ಕಾರ್ಯಕ್ರಮಕ್ಕೆ ಹೆಜ್ಜೆ ಹೇಳಿಕೊಡಬೇಕಿತ್ತು. ಇನ್ನೊಬ್ಬರು ಬೆಂಗಳೂರಿನ ಜಯನಗರದಲ್ಲಿ ಶಾಖೆ ಇದೆಯೇ ಎಂದರು. ನಾಲ್ಕನೆಯವರು ಕಂಬ ಯಾವ ದೇವಸ್ಥಾನದ್ದು ಎಂದು ಕೇಳಿ ಫೋನ್ ಇಟ್ಟರು.

ಹಣ ಕೊಟ್ಟು ಪ್ರಚಾರ ಮಾಡಿಸಿಯೂ ನೋಡಿದೆ. ದಿನಕ್ಕೆ 300 ರೂಪಾಯಿಯಂತೆ ಐದು ದಿನ, ಮೇಲೆ ಶೇ 18 ಜಿಎಸ್‌ಟಿ, ಒಟ್ಟು 1,770. ಯಾರಿಗೆ ತೋರಿಸಬೇಕು ಎಂಬಲ್ಲಿ ‘ತಾನಾಗಿ ಆರಿಸಲಿ’ ಎಂದು ಒತ್ತಿದ್ದು ತಪ್ಪಾಯಿತು. ಅದು ಸುಲಭವಾಗಿ ಮೆಚ್ಚುಗೆ ಒತ್ತುವವರನ್ನು ಹುಡುಕಿಕೊಂಡು ಎಲ್ಲೆಲ್ಲೋ ಹೋಯಿತು. ಎರಡನೆಯ ಬಾರಿ ವಿನೋಬನಗರದ ಸುತ್ತ ಕೆಲವೇ ಕಿಲೋಮೀಟರು ಎಂದು ಬೇಲಿ ಹಾಕಿ, ಏಪ್ರಿಲ್ ರಜೆಯ ಹೊತ್ತಿಗೆ ಮಾಡಿಸಿದೆ. ಮೂವರು ಬಂದು ನೋಡಿದರು, ಒಬ್ಬಳು ಸೇರಿದಳು. ನೀವು ಹಣ ಹಾಕಲೇಬೇಕು ಎಂದಿದ್ದರೆ ಊರಿನ ಬೇಲಿಯೊಳಗೇ ಹಾಕಿ. ಎರಡು ಕಿಲೋಮೀಟರಿಗಿಂತ ದೂರದ ತಾಯಿ ವಾರಕ್ಕೆರಡು ದಿನ ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು, ಒಂದು ಗಂಟೆ ಕಾದು, ವಾಪಸು ಹೋಗುವುದು ಅಪರೂಪ. ಬರುತ್ತಾರೆ, ಆದರೆ ಹೆಚ್ಚು ದಿನ ಬರುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಕಲಿಕೆಯಲ್ಲಿ ಆಯಿತು, ಮತ್ತು ಅದರಲ್ಲಿ ತಪ್ಪು ನನ್ನದೇ. ‘ಮಿಸ್, ಇದನ್ನು ರೀಲ್ ಮಾಡೋಣವೇ?’ ಎಂದು ಮಕ್ಕಳು ಕೇಳತೊಡಗಿದರು. ಮೊದಲ ನೃತ್ಯವಾದ ಅಲರಿಪುವನ್ನೂ ಮುಗಿಸದ ಮಕ್ಕಳಿಗೆ ನಾನು ತಿಲ್ಲಾನದ ಒಂದು ತುಣುಕನ್ನು ಹೇಳಿಕೊಟ್ಟೆ, ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ. ನೃತ್ಯದ ಜೂನಿಯರ್ ಪರೀಕ್ಷೆಯ ತಯಾರಿಯಲ್ಲಿ ಅದರ ಫಲ ಕಂಡಿತು. ಮುಖದಲ್ಲಿ ನಗು ಇತ್ತು, ಮಂಡಿ ಮಾತ್ರ ಕೂತಿರಲಿಲ್ಲ. ಎರಡನೆಯ ಕಾಲಕ್ಕೆ, ಎಂದರೆ ಇಮ್ಮಡಿ ವೇಗಕ್ಕೆ, ಬರುವಷ್ಟರಲ್ಲಿ ಅರ್ಧ ಮಕ್ಕಳ ಅರೆಮಂಡಿ ಎದ್ದು ನಿಂತಿರುತ್ತಿತ್ತು. ಸರಿಪಡಿಸಲು ಒಂದು ವರ್ಷ ಹಿಡಿಯಿತು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಹನ್ನೊಂದು ವರ್ಷದ ಒಬ್ಬ ವಿದ್ಯಾರ್ಥಿನಿಯ ಅಭಿನಯದ ಚಿತ್ರವನ್ನು ಯಾರೋ ತಮ್ಮ ಪುಟಕ್ಕೆ ಎತ್ತಿಕೊಂಡರು. ಅದರ ಕೆಳಗಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ರಾತ್ರಿ ಹತ್ತಕ್ಕೆ ಅವಳ ತಾಯಿಯ ಕರೆ ಬಂತು. ದೂರು ಕೊಟ್ಟು ಚಿತ್ರ ತೆಗೆಸುವಷ್ಟರಲ್ಲಿ ಆರು ದಿನಗಳಾದವು. ಆ ತಾಯಿ ನನ್ನನ್ನು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಅಲ್ಲಿಂದ ಮುಂದೆ ಮಕ್ಕಳ ಮುಖವಿರುವ ಯಾವುದನ್ನೂ ಸಾರ್ವಜನಿಕವಾಗಿ ಹಾಕಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದೇ ಎಣಿಸಿ ಪೋಷಕರ ಒಪ್ಪಿಗೆ ಕೇಳುತ್ತದೆ. ನಮ್ಮ ಅರ್ಜಿಯಲ್ಲೂ ಈಗ ಒಪ್ಪಿಗೆಯ ಸಹಿಗೆ ಪ್ರತ್ಯೇಕ ಜಾಗವಿದೆ. ಸಹಿ ಇದ್ದರೂ ಹೆಸರು, ಶಾಲೆಯ ಸಮವಸ್ತ್ರ ಮತ್ತು ತರಗತಿಯ ಸಮಯ ಯಾವುದೂ ವಿಡಿಯೊದಲ್ಲಿ ಬರದಂತೆ ನೋಡಿಕೊಳ್ಳುತ್ತೇನೆ.

ಈ ನಿರ್ಬಂಧದಿಂದ ಒಂದು ಒಳ್ಳೆಯದೂ ಆಯಿತು. ಮುಖ ತೋರಿಸುವಂತಿಲ್ಲ ಎಂದಾದ ಮೇಲೆ ಕಾಲುಗಳನ್ನಷ್ಟೇ ಚಿತ್ರೀಕರಿಸಿದೆ: ಕೆಂಪು ನೆಲದ ಮೇಲೆ ಹನ್ನೆರಡು ಜೊತೆ ಪಾದಗಳು, ಒಂದೇ ತಟ್ಟು. 40 ಸಾವಿರ ಬರಲಿಲ್ಲ. ಆದರೆ ಅದನ್ನು ನೋಡಿ ಬಂದ ಒಬ್ಬ ತಾಯಿ, ಸ್ವತಃ ಸೀನಿಯರ್‌ವರೆಗೆ ಕಲಿತು ಮದುವೆಯಾಗಿ ಬಿಟ್ಟವರು, ‘ಅಡವು ಶುದ್ಧವಾಗಿದೆ ಮೇಡಂ’ ಎಂದರು. ಮಗಳ ಜೊತೆ ತಾವೂ ಸೇರಿಕೊಂಡರು.

ಈಗ ನಿಜವಾಗಿ ಕೆಲಸಕ್ಕೆ ಬಂದದ್ದರ ಮಾತು. ಗೂಗಲ್ ಬಿಸಿನೆಸ್ ಪ್ರೊಫೈಲ್, ಎಂದರೆ ಗೂಗಲ್ ನಕ್ಷೆಯಲ್ಲಿ ನಮ್ಮ ಸ್ಥಳಕ್ಕೆ ಸಿಗುವ ಪುಟ. ನಾನು ಸೇರಿದಾಗ, 2021ರ ಜನವರಿಯಲ್ಲಿ, ಅದರ ಹೆಸರು ಗೂಗಲ್ ಮೈ ಬಿಸಿನೆಸ್ ಎಂದಿತ್ತು. ಅದೇ ನವೆಂಬರಿನಲ್ಲಿ ಹೆಸರು ಬದಲಾಯಿತು. ಸಂಕೇತ ಸಂಖ್ಯೆಯ ಕಾರ್ಡ್ ಅಂಚೆಯಲ್ಲಿ ಬಂತು, ಅದನ್ನು ನಮೂದಿಸಿದ ಮೇಲೆ ನಕ್ಷೆಯಲ್ಲಿ ನಮ್ಮ ತಾರಸಿ ಕಾಣಿಸಿತು. ಈಗ ಸೇರುವವರಿಗೆ ಹೆಚ್ಚಾಗಿ ಸ್ಥಳದ ವಿಡಿಯೊ ಕೇಳುತ್ತದೆ. ಖರ್ಚು ಸೊನ್ನೆ.

ಮೊದಲ ವರ್ಷ ಅಲ್ಲಿ ನನ್ನ ರಂಗಪ್ರವೇಶದ ಚಿತ್ರವೊಂದನ್ನೇ ಹಾಕಿ ಸುಮ್ಮನಿದ್ದೆ. ಯಾರೂ ಬರಲಿಲ್ಲ. ಒಮ್ಮೆ ಒಬ್ಬರು ಫೋನ್ ಮಾಡಿ, ‘ನಿಮ್ಮಲ್ಲಿ ಮಕ್ಕಳಿಗೂ ಹೇಳಿಕೊಡುತ್ತೀರಾ?’ ಎಂದಾಗ ಬುದ್ಧಿ ಬಂತು. ಕಲಾವಿದೆಯ ಚಿತ್ರ ಅವರಿಗೆ ಬೇಕಿರಲಿಲ್ಲ. ಅವರು ನೋಡಬೇಕೆಂದಿದ್ದದ್ದು ಮೆಟ್ಟಿಲಿಗೆ ಕಂಬಿ ಇದೆಯೇ, ತಾರಸಿಯ ಸುತ್ತ ಗೋಡೆ ಎಷ್ಟು ಎತ್ತರ, ಶೌಚಾಲಯ ಇದೆಯೇ, ಕಾಯುವವರಿಗೆ ಕುರ್ಚಿ ಇದೆಯೇ, ಗೇಟು ಯಾವ ಬಣ್ಣದ್ದು ಎಂಬುದನ್ನು. ಅವೆಲ್ಲವುಗಳ ಚಿತ್ರ ಹಾಕಿದೆ. ತರಗತಿಯ ದಿನ, ಸಮಯ, ಸೇರಲು ಕನಿಷ್ಠ ವಯಸ್ಸು ಆರು ಎಂಬುದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ. ಹಬ್ಬದ ರಜೆಯನ್ನು ತಪ್ಪದೆ ನಮೂದಿಸಿದೆ. ಯುಗಾದಿಯ ದಿನ ‘ತೆರೆದಿದೆ’ ಎಂದು ತೋರಿಸಿ ಒಬ್ಬರು ಭದ್ರಾವತಿಯಿಂದ ಬಂದು ಬೀಗ ನೋಡಿ ಹೋಗಿದ್ದರು; ಅದು ನನ್ನ ಅಲಕ್ಷ್ಯ.

ಪರಿಚಯದವರು ಹೇಳಿ ಬಂದ 71 ಮಂದಿಯಲ್ಲೂ ಹಲವರನ್ನು ಮಾತಿನ ನಡುವೆ ಕೇಳಿದ್ದೇನೆ. ಪಕ್ಕದ ಮನೆಯವರು ಹೆಸರು ಹೇಳಿದ್ದರು, ನಿಜ. ಆದರೆ ಬರುವ ಮುನ್ನ ನಕ್ಷೆ ತೆರೆದು ಚಿತ್ರ ನೋಡಿ, ಹೊಗಳಿಕೆ ಓದಿಯೇ ಬಂದಿದ್ದರು. ಬಾಯಿ ಮಾತು ಗೇಟಿನವರೆಗೆ ಕರೆತರುತ್ತದೆ, ಗೇಟು ತೆರೆಸುವುದು ಈ ಪುಟ. ನನ್ನ ನೋಟ್‌ಬುಕ್ಕಿನ ಲೆಕ್ಕದಲ್ಲಿ ಇದು ಕಾಣುವುದಿಲ್ಲ.

ಇಲ್ಲಿ ಬರುವ ಅಭಿಪ್ರಾಯಗಳನ್ನು ನಾವು ಅಳಿಸುವಂತಿಲ್ಲ. ನಿಯಮ ಮೀರಿದ್ದರೆ ದೂರು ಕೊಡಬಹುದು ಅಷ್ಟೇ. ಅಭಿಪ್ರಾಯಕ್ಕೆ ಬದಲಾಗಿ ಶುಲ್ಕದಲ್ಲಿ ರಿಯಾಯಿತಿ ಕೊಡುವುದಕ್ಕೂ ನಿಷೇಧವಿದೆ. ನಮಗೆ ಒಮ್ಮೆ ಒಂದೇ ನಕ್ಷತ್ರ ಬಂತು: ವಾರ್ಷಿಕೋತ್ಸವದಲ್ಲಿ ಮಗಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಲಿಲ್ಲ, ಪಕ್ಷಪಾತ ಮಾಡುತ್ತಾರೆ ಎಂದು. ಮೊದಲು ಬರೆದ ಉತ್ತರವನ್ನು ಪುಣ್ಯಕ್ಕೆ ಕಳುಹಿಸಲಿಲ್ಲ. ಒಂದು ರಾತ್ರಿ ಕಳೆದ ಮೇಲೆ, ಎತ್ತರಕ್ಕೆ ತಕ್ಕಂತೆ ಸಾಲು ಮಾಡುತ್ತೇವೆ, ಎರಡನೆಯ ನೃತ್ಯದಲ್ಲಿ ಹಿಂದಿನ ಸಾಲು ಮುಂದೆ ಬರುತ್ತದೆ, ಆದರೂ ಮಗುವಿಗೆ ಬೇಸರವಾಗಿದ್ದರೆ ಬಂದು ಮಾತನಾಡಿ ಎಂದು ನಾಲ್ಕು ಸಾಲು ಬರೆದೆ. ಅವರು ಬರಲಿಲ್ಲ. ಆದರೆ ಮುಂದಿನ ವಿಜಯದಶಮಿಗೆ ಬಂದ ಇನ್ನೊಬ್ಬ ತಾಯಿ, ‘ಆ ಉತ್ತರ ಓದಿಯೇ ಬಂದೆ’ ಎಂದರು. ಅಂದಿನಿಂದ ಐದು ನಕ್ಷತ್ರಗಳಿಗಿಂತ ಒಂದು ನಕ್ಷತ್ರಕ್ಕೆ ಹೆಚ್ಚು ಹೊತ್ತು ಕೂತು ಉತ್ತರ ಬರೆಯುತ್ತೇನೆ.

ಒಂದು ಎಚ್ಚರಿಕೆ. ಇಂಥ ಉಚಿತ ಸೇವೆಗಳಲ್ಲಿ ಇಂದು ಇರುವ ಸೌಲಭ್ಯ ನಾಳೆ ಇರುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಇದೇ ಪ್ರೊಫೈಲಿನಿಂದ ಮಾಡಬಹುದಾಗಿದ್ದ ಸರಳ ಜಾಲತಾಣಗಳು 2024ರ ಮಾರ್ಚ್‌ನಲ್ಲಿ, ಸಂದೇಶದ ಸೌಲಭ್ಯ ಅದೇ ಜುಲೈನಲ್ಲಿ ನಿಂತವು. ದೂರವಾಣಿ ಸಂಖ್ಯೆಗಳು ನಿಮ್ಮ ಬಳಿ ಕಾಗದದಲ್ಲೂ ಇರಲಿ.

ವಾಟ್ಸ್‌ಆ್ಯಪ್ ಬಿಸಿನೆಸ್ ಬಗ್ಗೆ ಹೊಗಳಿಕೆಯೇ ಹೆಚ್ಚು. ಶುಲ್ಕ, ಸಮಯ, ಮೊದಲ ದಿನ ಏನು ಧರಿಸಿ ಬರಬೇಕು ಎಂಬ ಮೂರು ಪ್ರಶ್ನೆಗಳಿಗೆ ಸಿದ್ಧ ಉತ್ತರಗಳನ್ನು ಇಟ್ಟಿದ್ದೇನೆ. ತರಗತಿಯ ನಡುವೆ ಫೋನ್ ಹಿಡಿಯುವುದು ತಪ್ಪಿತು. ‘ವಿಚಾರಿಸಿದವರು’, ‘ನೋಡಿ ಹೋದವರು’, ‘ಸೇರಿದವರು’ ಎಂದು ಪ್ರತಿ ಸಂಖ್ಯೆಗೂ ಗುರುತಿನ ಚೀಟಿ ಅಂಟಿಸಬಹುದು. ಪ್ರಸಾರ ಪಟ್ಟಿಯಲ್ಲಿ 256 ಜನರಿಗೆ ಒಟ್ಟಿಗೆ ಕಳುಹಿಸಬಹುದು, ಆದರೆ ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಇದು ತಿಳಿಯದೆ ಒಂದು ವರ್ಷ, ಮಕ್ಕಳು ಮೊದಲ ಬಾರಿ ಗೆಜ್ಜೆ ಕಟ್ಟುವ ಗೆಜ್ಜೆ ಪೂಜೆಯ ಆಮಂತ್ರಣ ಅರ್ಧ ಜನರಿಗೆ ಹೋಗಲೇ ಇಲ್ಲ. ಪೋಷಕರ ಗುಂಪಿನಲ್ಲಿ ಸಂದೇಶ ಕಳುಹಿಸುವ ಅಧಿಕಾರವನ್ನು ನಿರ್ವಾಹಕರಿಗೆ ಮಾತ್ರ ಇಟ್ಟುಕೊಳ್ಳಿ. ಶುಭೋದಯಗಳ ನಡುವೆ ರಜೆಯ ಸೂಚನೆ ಕಳೆದುಹೋಗುತ್ತದೆ. ನನ್ನ ಮಟ್ಟಿಗೆ ಅತ್ಯುತ್ತಮ ಜಾಹೀರಾತು ಎಂದರೆ ತಾಯಂದಿರೇ ತಮ್ಮ ಮಗುವಿನ ವಿಡಿಯೊವನ್ನು ತಮ್ಮ ಸ್ಟೇಟಸ್‌ಗೆ ಹಾಕಿಕೊಳ್ಳುವುದು. ಅದು ಅವರ ಬಳಗಕ್ಕೆ ಮಾತ್ರ, ಅದೂ 24 ಗಂಟೆ ಕಾಣುತ್ತದೆ. ಆ ಬಳಗ ಇರುವುದು ಗೋಪಾಳದಲ್ಲಿ, ದುರ್ಗಿಗುಡಿಯಲ್ಲಿ, ಅದೇ ಶಾಲೆಯ ಬಸ್ಸಿನಲ್ಲಿ.

ಅಂಗಡಿ, ಸೇವೆಗಳ ಪಟ್ಟಿ ಕೊಡುವ ಒಂದು ಜಾಲತಾಣಕ್ಕೂ ಸಂಖ್ಯೆ ಕೊಟ್ಟಿದ್ದೆ. ದಿನಕ್ಕೆರಡು ಬಾರಿ ಕರೆ ಬರುತ್ತಿತ್ತು, ಪೋಷಕರದಲ್ಲ, ಪ್ಯಾಕೇಜ್ ಮಾರುವವರದು. ಬಂದ ವಿಚಾರಣೆಗಳೂ ಊರಿನ ಐದಾರು ತರಗತಿಗಳಿಗೆ ಒಟ್ಟಿಗೆ ಹೋಗುತ್ತಿದ್ದವು. ಹಾಗೆ ವಿಚಾರಿಸಿದ್ದ ಒಬ್ಬ ಮಗುವಿನ ಅಪ್ಪ, ನಾನು ಕರೆ ಮಾಡಿದಾಗ, ‘ಹತ್ತು ನಿಮಿಷದಲ್ಲಿ ನೀವು ನಾಲ್ಕನೆಯವರು’ ಎಂದು ರೇಗಿದರು. ಬಿಟ್ಟೆ.

ಉದ್ದದ ವಿಡಿಯೊಗಳಿಗೆ ಬೇರೆಯೇ ಕಾಟ. ಗೆಜ್ಜೆ ಪೂಜೆಯಲ್ಲಿ ನಮ್ಮವರೇ ಹಾಡಿ, ನಮ್ಮವರೇ ಮೃದಂಗ ನುಡಿಸಿದ ದಾಸರ ಪದದ ವಿಡಿಯೊಗೆ ಯಾವುದೋ ಧ್ವನಿಮುದ್ರಣದ ಕಂಪನಿ ಹಕ್ಕು ಸಾರಿತ್ತು. ತಕರಾರು ಹಾಕಿ, ಎದುರು ಪಕ್ಷಕ್ಕೆ ಕೊಟ್ಟ 30 ದಿನ ಕಾದ ಮೇಲೆ ಬಿಡುಗಡೆಯಾಯಿತು. ಅಷ್ಟು ಹೊತ್ತಿಗೆ ಅಜ್ಜಿ ತಾತಂದಿರೆಲ್ಲ ನೋಡುವ ಉತ್ಸಾಹ ಕಳೆದುಕೊಂಡಿದ್ದರು. ಗೊತ್ತಿರಲಿ: ದಾಸರ ರಚನೆಗೆ ಹಕ್ಕುಸ್ವಾಮ್ಯವಿಲ್ಲ, ಆದರೆ ಅದನ್ನು ಹಾಡಿದ ಮುದ್ರಣಕ್ಕೆ ನಮ್ಮ ಕಾಯ್ದೆಯ ಪ್ರಕಾರ ಪ್ರಕಟವಾದ ಮೇಲೆ 60 ವರ್ಷ ಹಕ್ಕಿರುತ್ತದೆ. ಹಾಗಾಗಿ ಅಂಗಡಿಯಲ್ಲಿ ಕೊಂಡ ಸಿ.ಡಿ.ಗೆ ಕುಣಿದ ವಿಡಿಯೊ ಹಾಕುವಾಗ ಯೋಚಿಸಿ. ಸ್ವಂತ ಮುದ್ರಣವಾದರೆ ಹಾಡಿದವರಿಂದ, ನುಡಿಸಿದವರಿಂದ ಒಂದು ಸಾಲಿನ ಒಪ್ಪಿಗೆ ಬರೆಸಿಟ್ಟುಕೊಳ್ಳಿ.

ಆನ್‌ಲೈನ್ ಪ್ರಚಾರದಿಂದ ನಾನು ನಿರೀಕ್ಷಿಸಿರದ ಒಂದು ಲಾಭವೂ ಆಯಿತು: ಹೊರದೇಶದ ನಾಲ್ವರು ವಿದ್ಯಾರ್ಥಿನಿಯರು. ಅವರೂ ನೋಟಗಳ ಸಂಖ್ಯೆಯಿಂದ ಬಂದವರಲ್ಲ. ನ್ಯೂಜೆರ್ಸಿಯ ಮಗುವಿನ ಅಜ್ಜಿಯ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಇಲ್ಲಿ ದೀಪ ಹಚ್ಚಿದರೆ ಅಲ್ಲಿ ಶನಿವಾರ ರಾತ್ರಿ ಎಂಟೂವರೆ; ನವೆಂಬರಿನಲ್ಲಿ ಅವರ ಗಡಿಯಾರ ಹಿಂದಕ್ಕೆ ಹೋಗಿ ಏಳೂವರೆಯಾಗುತ್ತದೆ, ಮಾರ್ಚ್‌ನಲ್ಲಿ ಮತ್ತೆ ಎಂಟೂವರೆ. ಮೊದಲ ಮೂರು ತರಗತಿಗಳಲ್ಲಿ ಮಗುವಿಗೆ ತಾಳವೇ ಇಲ್ಲ ಎಂದುಕೊಂಡಿದ್ದೆ. ತಪ್ಪು ಅವಳದಲ್ಲ. ನಾನು ತಟ್ಟಿದ್ದು ತಡವಾಗಿ ಅಲ್ಲಿಗೆ ಹೋಗಿ, ಅವಳ ಹೆಜ್ಜೆ ಇನ್ನಷ್ಟು ತಡವಾಗಿ ಇಲ್ಲಿಗೆ ಬರುತ್ತಿತ್ತು. ಸಾಲದ್ದಕ್ಕೆ ತಟ್ಟುಮಣೆಯ ಸದ್ದನ್ನು ಗದ್ದಲವೆಂದು ತಿಳಿದು ಕರೆಯ ತಂತ್ರಾಂಶವೇ ನುಂಗುತ್ತಿತ್ತು. ಈಗ ಸೊಲ್ಲುಕಟ್ಟನ್ನು, ಎಂದರೆ ಹೆಜ್ಜೆಗೆ ಹೇಳುವ ತಾಳದ ಸೊಲ್ಲುಗಳನ್ನು, ಮೂರು ವೇಗಗಳಲ್ಲಿ ಧ್ವನಿ ಮುದ್ರಿಸಿ ಮೊದಲೇ ಕಳುಹಿಸುತ್ತೇನೆ. ಅವಳ ತಾಯಿ ಅಲ್ಲಿ ಅದನ್ನು ಹಾಕುತ್ತಾರೆ, ನಾನು ಇಲ್ಲಿ ಕೈ ಕಟ್ಟಿಕೊಂಡು ನೋಡುತ್ತೇನೆ. ಕೈ ಕಟ್ಟಿಕೊಂಡು ಕೂರುವುದು ನನಗೆ ಇನ್ನೂ ರೂಢಿಯಾಗಿಲ್ಲ.

ಕಿರು ವಿಡಿಯೊ ಖಾತೆಯನ್ನು ಮುಚ್ಚಿಲ್ಲ. ತಿಂಗಳಿಗೊಂದು ಪಾದಗಳ ವಿಡಿಯೊ ಹಾಕುತ್ತೇನೆ, ಸಂಖ್ಯೆ ನೋಡುವುದಿಲ್ಲ. ಸ್ವಂತ ಜಾಲತಾಣವೊಂದನ್ನು ವರ್ಷಕ್ಕೆ 3,800 ರೂಪಾಯಿ ಕಟ್ಟಿ ಇಟ್ಟುಕೊಂಡಿದ್ದೆ. ಈ ಮಾರ್ಚ್‌ಗೆ ಅದರ ನವೀಕರಣವಿದೆ, ಕಟ್ಟುವುದಿಲ್ಲ. ಗೇಟಿನ ಫಲಕದಲ್ಲಿ ‘ಭರತನಾಟ್ಯ’ದ ‘ಭ’ ಮಳೆಗೆ ಪೂರ್ತಿ ಅಳಿಸಿಹೋಗಿದೆ. ಆ ದುಡ್ಡಿನಲ್ಲಿ ಅದನ್ನು ಬರೆಸುತ್ತಿದ್ದೇನೆ.